ಫೆಬ್ರುವರಿ ಮೂವತ್ತರ ನೀರು

ಬಸವನ ಬಾಗೇವಾಡಿಗೆ ಕರೆಂಟು ಬೆಳಗಿನ ನಾಲ್ಕೂವರೆಗೆ ಬರುತ್ತದೆ, ಏಳಕ್ಕೆ ಹೋಗುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವುದು ಬೇರೆ ಮಾತು. ಈ ಎರಡೂವರೆ ತಾಸಿನೊಳಗೆ ಊರಿನ ಹೆಂಗಸರು ನೀರು ತುಂಬಿಕೊಳ್ಳಬೇಕು, ಗಿರಣಿಯವನು ಜೋಳ ಬೀಸಬೇಕು, ಕೋಮಲ ನಾಲ್ಕು ತಾಲೂಕಿನ ಕಾಲುವೆ ನೀರಿನ ಪಾಳಿ ಪಟ್ಟಿ ಮುದ್ರಿಸಬೇಕು.

ಫೆಬ್ರುವರಿಯ ಕೊನೆಯ ಶನಿವಾರ. ಹೊರಗೆ ಇನ್ನೂ ಮಬ್ಬುಗತ್ತಲೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಕಾಲಕ್ಕೆ ಬೀಜದ ಗೋದಾಮಾಗಿದ್ದ ಕೋಣೆಯಲ್ಲಿ, ಮೂವತ್ತೊಂದರ ಹರೆಯದ ಕೋಮಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ರಿಂಟರಿಗೆ ಕಾಗದ ಪೋಣಿಸುತ್ತಿದ್ದಾರೆ. ಅದು ಹಳೆಯ ಪ್ರಿಂಟರು. ಶುರುವಾದರೆ ಪಕ್ಕದ ಮನೆಯ ಕೋಳಿಗಳೂ ಎದ್ದು ಬಿಡುತ್ತವೆ. ಕಂಪ್ಯೂಟರಿನ ಡಬ್ಬಿಯ ಮೇಲೆ ಎರಡು ಕಲ್ಲು ಇವೆ. ಒಂದು ಕರಿಯದು, ಒಂದು ಕೆಂಪು ಛಾಯೆಯದು, ಎರಡೂ ಲಿಂಬಿಹಣ್ಣಿನಷ್ಟು ದೊಡ್ಡವು. ಕಾಗದ ಹಾರದಂತೆ ಇಟ್ಟವು ಅಂತ ಬಂದವರೆಲ್ಲ ತಿಳಿದುಕೊಳ್ಳುತ್ತಾರೆ. ಕೋಮಲ ಯಾರನ್ನೂ ತಿದ್ದುವ ಗೋಜಿಗೆ ಹೋಗುವುದಿಲ್ಲ.

ಮೊದಲ ಕಟ್ಟು ಇಂಡಿಗೆ. ಆರೂ ಹತ್ತರ ಬಸ್ಸು. ಎರಡನೆಯದು ಸಿಂದಗಿಗೆ, ಮೂರನೆಯದು ಮುದ್ದೇಬಿಹಾಳಕ್ಕೆ. ನಾಲ್ಕನೆಯದು ಇಲ್ಲೇ ಬಾಗೇವಾಡಿ ತಾಲೂಕಿನ ಹಳ್ಳಿಗಳಿಗೆ. ಹಳೆ ಪೇಪರಿನಲ್ಲಿ ಸುತ್ತಿ, ಸುತಳಿ ಬಿಗಿದು, ಎದೆಗವಚಿಕೊಂಡು ಅವರು ನಿಲ್ದಾಣಕ್ಕೆ ನಡೆಯುತ್ತಾರೆ. ಇಂಡಿ ಬಸ್ಸಿನ ಕಂಡಕ್ಟರ್ ಕಟ್ಟನ್ನು ಕೈಯಲ್ಲಿ ತೂಗಿ ನೋಡುತ್ತಾನೆ.

"ಅಕ್ಕಾರ, ಇವತ್ತ ಭಾರ ಐತಲ್ರಿ."

"ತಿಂಗಳ ಬದಲಾಗತೈತಿ, ಅದಕ್ಕ. ಅಲ್ಲಿ ಸಂಘದ ಸಂಗಣ್ಣನ ಕೈಯಾಗ ಕೊಡ್ರಿ. ಟೇಬಲ್ ಮ್ಯಾಲ ಒಗದು ಬರಬ್ಯಾಡ್ರಿ."

ಬಸ್ಸು ಹೊರಟ ಮೇಲೂ ಕೋಮಲ ಎರಡು ನಿಮಿಷ ಅಲ್ಲೇ ನಿಲ್ಲುತ್ತಾರೆ. ಆ ಕಟ್ಟಿನಲ್ಲಿ ಬರುವ ಸೋಮವಾರದ ಪಟ್ಟಿಯಿದೆ. ತಾರೀಕು ಮಾರ್ಚ್ ಒಂದು. ಆ ಒಂದು ತಾರೀಕಿಗಾಗಿ ಅವರು ಮೂರು ತಿಂಗಳು ಕಾದಿದ್ದಾರೆ.

ಕಾಲುವೆ ಕಾಣದ ಊರಿನವರಿಗೆ ಪಾಳಿಯ ಬೆಲೆ ಗೊತ್ತಾಗುವುದು ಕಷ್ಟ. ಕೃಷ್ಣೆಯ ನೀರು ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಇಳಿದು ಬರುವಷ್ಟರಲ್ಲಿ ಒಂದು ಎತ್ತು ದಾಟುವಷ್ಟು ಅಗಲ ಉಳಿದಿರುತ್ತದೆ. ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ಒಬ್ಬೊಬ್ಬರಿಗೆ ವಾರಕ್ಕೊಮ್ಮೆ ಮೂರೋ ನಾಲ್ಕೋ ತಾಸು. ಯಾವ ಗೇಟು, ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರ ಹೊಲಕ್ಕೆ ಅಂತ ಬರೆದಿರುವುದೇ ಪಾಳಿ ಪಟ್ಟಿ. ಗೇಟು ಎತ್ತುವವನು ಪಟ್ಟಿ ನೋಡಿ ನೀರು ಬಿಡುತ್ತಾನೆ. ಹೆಸರಿದ್ದರೆ ನೀರುಂಟು. ಹೆಸರಿಲ್ಲದಿದ್ದರೆ ದೇವರೇ ಬಂದು ನಿಂತರೂ ಗೇಟು ಏಳುವುದಿಲ್ಲ.

ನಾಲ್ಕು ತಾಲೂಕಿನ ನೀರು ಬಳಕೆದಾರರ ಒಕ್ಕೂಟದಲ್ಲಿ ಅರವತ್ತೊಂದು ಸಂಘಗಳಿವೆ. ಪಾಳಿದಾರರು ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕು ಮಂದಿ. ವಾರಕ್ಕೆ ನೂರ ನಲವತ್ತು ಹಾಳೆ ಪಟ್ಟಿ. ಅದರಲ್ಲಿ ಎಪ್ಪತ್ತು ಎಂಬತ್ತು ಅದಲು-ಬದಲು ಇದ್ದದ್ದೇ. ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರ ಮನೆಯಲ್ಲಿ ತೀರಿಕೊಂಡವರ ದಿನಕರ್ಮ, ಮತ್ತೊಬ್ಬರ ಎತ್ತಿಗೆ ಕಾಲು ನೋವು. ನಿನ್ನ ಸೋಮವಾರ ನನಗೆ ಕೊಡು, ನನ್ನ ಗುರುವಾರ ನೀನು ತಗೋ. ಇದನ್ನೆಲ್ಲ ನೋಡಿಕೊಳ್ಳುವವರು ಕೋಮಲ ಒಬ್ಬರೇ.

ಕಚೇರಿಯ ಹೊರಗೆ, ಬೇವಿನ ಗಿಡದ ಕೆಳಗೆ, ಕಟ್ಟಿಗೆಯ ಉದ್ದನೆಯ ಬೆಂಚು, ಇಲ್ಲಿಯವರ ಮಾತಿನಲ್ಲಿ ಬಾಕು, ಒಂದಿದೆ. ಎಲ್ಲರೂ ಅದನ್ನು ತಕರಾರಿನ ಬಾಕು ಅನ್ನುತ್ತಾರೆ. ನೀರು ತಪ್ಪಿದವರು ಬಂದು ಕೂರುವ ಜಾಗ ಅದು.

"ನೀರು ಬಂದವರು ಯಾರೂ ಈ ಕಡೆ ಹಾಯಂಗಿಲ್ರಿ" ಅನ್ನುತ್ತಾರೆ ಕೋಮಲ. "ಬರಲಾರದವರಷ್ಟ ಬರ್ತಾರ. ಅದಕ್ಕ ಈ ಕೆಲಸದಾಗ ನಮಗ ಯಾರೂ ಶಾಬಾಸ್ ಅಂದದ್ದು ಕೇಳಿಲ್ಲ. ಬಾಕು ಖಾಲಿ ಇತ್ತಂದ್ರ ಅದ ಶಾಬಾಸ್ ಅಂತ ತಿಳ್ಕೊಬೇಕು."

ಕೋಮಲ ಹುಟ್ಟಿದ್ದು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಕಾಲುವೆಯ ಬಾಲ ಎಲ್ಲಿ ಮುಗಿಯುತ್ತದೋ ಅಲ್ಲಿ. ಅಪ್ಪ ಭೀಮಶ್ಯಾ ಅಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಕಾಲುವೆಯ ತಲೆಯ ಕಡೆಯವರಿಗೆ ನೀರು ಮೊದಲು ಸಿಗುತ್ತದೆ, ಬಾಲದವರಿಗೆ ಉಳಿದರೆ ಸಿಗುತ್ತದೆ. ಇದು ಎಲ್ಲ ಕಾಲುವೆಯ ಹಣೆಬರಹ. ರಜಿಸ್ಟರಿನ ಕಾಲದಲ್ಲಿ ತಲೆಯ ಕಡೆಯ ದೊಡ್ಡ ಹಿಡುವಳಿದಾರರ ಪಾಳಿ ಎಂದೂ ತಪ್ಪುತ್ತಿರಲಿಲ್ಲ. ಪುಟದ ಕೊನೆಯ ಸಾಲುಗಳು ಮಾತ್ರ ಕೈಯ ಬೆವರಿಗೆ ಅಳಿಸಿ ಹೋಗುತ್ತಿದ್ದವು. ಪುಟದ ಕೊನೆಯಲ್ಲಿ ಇರುತ್ತಿದ್ದವರು ಬಾಲದವರು.

ಭೀಮಶ್ಯಾ ಅವರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಅವರ ಗೇಟಿನ ಮೇಲೆ ಅದಲು-ಬದಲಿಗೆ ಒಂದೂ ಜಗಳವಾಗಲಿಲ್ಲ. ಅವರ ಊರಿನಲ್ಲಿ ಪಾಲಿನ ಬಾವಿಗಳ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಪಾಳಿ ಬದಲಿಸಿಕೊಳ್ಳುವ ಇಬ್ಬರೂ ತಮ್ಮ ತಮ್ಮ ಹೊಲದಿಂದ ಒಂದೊಂದು ಕಲ್ಲು ತಂದು ಗೇಟಿನ ಕಟ್ಟೆಯ ಎರಡು ಬದಿಗೆ ಇಡಬೇಕು. ನೀರು ಬಿಡುವವನು ಎರಡನ್ನೂ ಒಂದೇ ಸಲಕ್ಕೆ, ಎರಡೂ ಕೈಯಿಂದ ಎತ್ತಿ ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ಇಟ್ಟರೆ ಬದಲಿ ಆದಂತೆ. ಒಬ್ಬ ಕಲ್ಲು ಇಟ್ಟು ಇನ್ನೊಬ್ಬ ಬರದಿದ್ದರೆ, ಇಟ್ಟ ಕಲ್ಲನ್ನು ಮುಟ್ಟುವ ಹಾಗಿಲ್ಲ. ಹಳೆಯ ಪಾಳಿಯೇ ನಡೆಯಬೇಕು.

"ಒಂದ ಕಲ್ಲು ಎತ್ತಿ ಕೈಯಾಗ ಹಿಡಕೊಂಡು ನಿಂತೆ ಅನ್ನು, ಆ ಹೊತ್ತಿನ್ಯಾಗ ಯಾರರ ಕರದ್ರು, ಹೋದೆ" ಎಂದು ಭೀಮಶ್ಯಾ ವಿವರಿಸುತ್ತಾರೆ. "ಅವನ ನೀರು ಯಾವ ಕಡೀದೂ ಅಲ್ಲದಂಗ ಆಗತೈತಿ. ಎತ್ತಿದ್ರ ಎರಡೂ ಎತ್ತು, ಇಲ್ಲಾಂದ್ರ ಕೈ ಕಟಗೊಂಡು ಕುಂದರು. ನಮ್ಮಪ್ಪ ನನಗ ಹೇಳಿದ್ದು ಇಷ್ಟ."

ಈಗ ಅವರಿಗೆ ಎಪ್ಪತ್ತರ ಹತ್ತಿರ. ಮಗಳ ಜತೆ ಬಾಗೇವಾಡಿಯಲ್ಲಿ ಇದ್ದಾರೆ. ಪಡಸಾಲೆಯ ಬುದ್ಧನ ಪಟದ ಕೆಳಗೆ ಕೂತು ದಿನಾಲೂ ಸಂಜೆ ಮಗಳಿಗೆ ಕೇಳುವುದು ಒಂದೇ ಮಾತು: ಬಾಲದವರಿಗೆ ಮುಟ್ಟಿತೇನು?

ಸಿಂದಗಿಯಲ್ಲಿ ಬಿ.ಎ. ಮುಗಿಸಿದ ಕೋಮಲ ವಿಜಾಪುರಕ್ಕೆ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದರು. ೨೦೦೨ರಲ್ಲಿ ಒಕ್ಕೂಟ ಕಂಪ್ಯೂಟರ್ ತರಿಸಿ ಆಪರೇಟರ್ ಬೇಕೆಂದಾಗ ಅರ್ಜಿ ಹಾಕಿದರು. ಆಯ್ಕೆಯ ದಿನ ಒಬ್ಬಿಬ್ಬರು ಮೂಗು ಮುರಿದದ್ದೂ ಉಂಟು. ಭೀಮಶ್ಯಾನ ಮಗಳು ನಮ್ಮ ನೀರಿನ ಪಟ್ಟಿ ಬರೆಯುವುದೇ ಅಂತ. ಒಕ್ಕೂಟದ ಅಧ್ಯಕ್ಷ ಬಸಂತರಾಯರು ಹಳೆ ಕಾಲದ ಮನುಷ್ಯ, ಮಾತು ಕಡಿಮೆ. "ಅವರಪ್ಪ ಇಪ್ಪತ್ತು ವರ್ಷ ನಿಮ್ಮ ನೀರು ಬಿಟ್ಟಾನ. ಒಂದ ನಿಮಿಷ ಹೆಚ್ಚುಕಮ್ಮಿ ಮಾಡಿದ್ದು ಯಾರರ ನೋಡೀರೇನು?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಕೆಲಸ ಸಿಕ್ಕಿತು.

ಕಂಪ್ಯೂಟರೊಂದೇ ಬಂದರೆ ಸಾಲದು. ಸಾವಿರಾರು ಪಾಳಿಗಳನ್ನು ಸಾಲುಸಾಲಾಗಿ ಜೋಡಿಸಿಟ್ಟು, ಕೇಳಿದ ಕೂಡಲೇ ಬೇಕಾದಷ್ಟನ್ನೇ ಹೆಕ್ಕಿ ಕೊಡುವ ತಂತ್ರಾಂಶ ಬೇಕು. ಅದಕ್ಕೆ ಡೇಟಾಬೇಸ್ ಅನ್ನುತ್ತಾರೆ. ದುಡ್ಡು ಕೊಟ್ಟು ಕೊಳ್ಳುವಂಥವು ಒಕ್ಕೂಟದ ಕೈಗೆ ಎಟಕುವುದಿಲ್ಲ. ಆದರೆ ಜಗತ್ತಿನ ಹತ್ತಾರು ಕಡೆಯ ಜನ ಕೂಡಿ ಕಟ್ಟಿದ ಮುಕ್ತ ತಂತ್ರಾಂಶಗಳಿವೆ. ಅವು ಪುಕ್ಕಟೆ. ಒಳಗಿನ ಹೂರಣ ಏನೆಂದು ಬಿಚ್ಚಿಯೂ ನೋಡಬಹುದು. ಅಂಥವುಗಳಲ್ಲಿ ಎರಡಕ್ಕೆ ಹೆಸರು ಹೆಚ್ಚು: ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್. ಒಂದು ಕಂಪ್ಯೂಟರ್ ಪತ್ರಿಕೆಯ ಜತೆ ಬಂದ ಸಿ.ಡಿ.ಯಲ್ಲೇ ಎರಡೂ ಇದ್ದವು.

ಮೊದಲು ಒಕ್ಕೂಟಕ್ಕೆ ಬಂದದ್ದು ಮೈಎಸ್‌ಕ್ಯೂಎಲ್. ಕೂರಿಸಿಕೊಟ್ಟವರು ಚೇತನಕುಮಾರ, ವಿಜಾಪುರದಲ್ಲಿ ಕೋಮಲ ಅವರಿಗೆ ಪಾಠ ಹೇಳಿದ ಮೇಷ್ಟ್ರು. ಒಳ್ಳೆಯ ಮನುಷ್ಯ, ಮಾತು ಮಾತ್ರ ಪಟಾಕಿಯ ಸರ. "ಇದು ಕುದರಿ ಐತಿ. ಕೇಳಿದ್ದು ಕಣ್ಣು ಮುಚ್ಚಿ ತಗಿಯೂದ್ರೊಳಗ ಕೊಡ್ತೈತಿ. ಏನರ ಆದ್ರ ಹೇಳಾಕ ಪುಸ್ತಕ ಅದಾವ, ಮಂದಿ ಅದಾರ" ಎಂದರು. ಅದು ಸುಳ್ಳಲ್ಲ. ಒಂದು ವರ್ಷ ಕುದುರೆ ಚೆನ್ನಾಗಿಯೇ ಓಡಿತು.

ಎಡವಿದ್ದು ಕಳೆದ ಸಪ್ಟೆಂಬರಿನಲ್ಲಿ. ಮುದ್ದೇಬಿಹಾಳ ತಾಲೂಕಿನ ಇಬ್ಬರು ಅಕ್ಕಪಕ್ಕದ ಹೊಲದವರು ಪಾಳಿ ಬದಲಿಸಿಕೊಂಡರು. ಮೈಬೂಬನ ಮಗಳ ನಿಶ್ಚಯ ಸೋಮವಾರ ಇತ್ತು. ತನ್ನ ಸೋಮವಾರವನ್ನು ರಾಚಪ್ಪನಿಗೆ ಕೊಟ್ಟು, ರಾಚಪ್ಪನ ಗುರುವಾರವನ್ನು ತಾನು ತೆಗೆದುಕೊಂಡ. ಚೀಟಿ ಬಂತು, ಕೋಮಲ ಕಂಪ್ಯೂಟರಿಗೆ ಏರಿಸಿದರು. ಕಂಪ್ಯೂಟರಿಗೆ ಅದಲು-ಬದಲು ಅಂದರೆ ಎರಡು ಕೆಲಸ. ಗುರುವಾರದ ಸಾಲಿನಲ್ಲಿ ಮೈಬೂಬನ ಹೆಸರು ಬರೆಯಬೇಕು, ಆಮೇಲೆ ಸೋಮವಾರದ ಸಾಲಿನಲ್ಲಿ ರಾಚಪ್ಪನ ಹೆಸರು ಬರೆಯಬೇಕು. ಮೊದಲನೆಯದು ಮುಗಿಯಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಹಿಂಬಲಕ್ಕೆ ಇಟ್ಟಿದ್ದ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟು ಬಂದ ಮೇಲೆ ಕೋಮಲ ಗುರುವಾರದ ಸಾಲನ್ನಷ್ಟೇ ನೋಡಿ, ಬದಲಿ ಆಗಿದೆ ಎಂದುಕೊಂಡರು.

ಎರಡೂ ಪಾಳಿ ಮೈಬೂಬನ ಹೆಸರಿಗೆ ಉಳಿದವು. ರಾಚಪ್ಪ ಎಲ್ಲೂ ಇಲ್ಲ. ಸೋಮವಾರ ಬೆಳಿಗ್ಗೆ ಸಲಿಕೆ ಹಿಡಿದು ಹೋದವನಿಗೆ ಗೇಟಿನವನು ಪಟ್ಟಿ ತೋರಿಸಿದ. ಮೈಬೂಬ ನಿಶ್ಚಯಕ್ಕೆ ಹೋಗಿದ್ದ. ಆ ನಾಲ್ಕು ತಾಸಿನ ನೀರು ಯಾರ ಹೊಲಕ್ಕೂ ತಿರುಗದೆ ಸೀದಾ ಹಳ್ಳ ಸೇರಿತು. ರಾಚಪ್ಪನ ಮೆಣಸಿನ ಗಿಡ ಆಗಷ್ಟೇ ಹೂ ಕಚ್ಚುತ್ತಿದ್ದವು. ಮೂರು ದಿನದಲ್ಲಿ ಹೂವೆಲ್ಲ ನೆಲಕ್ಕೆ. ಊರಿನಲ್ಲಿ ಆಡಿಕೊಳ್ಳುವ ಬಾಯಿಗೆ ಬರವೇ? ಮೈಬೂಬ ಆಫೀಸಿನವರನ್ನು ಹಿಡಿದು ಎರಡೂ ಪಾಳಿ ತನ್ನ ಹೆಸರಿಗೆ ಮಾಡಿಸಿಕೊಂಡ ಎಂದರು. ಇಪ್ಪತ್ತು ವರ್ಷದ ಸ್ನೇಹಿತರು ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು.

ಶುಕ್ರವಾರ ಮೈಬೂಬನೇ ರಾಚಪ್ಪನ ಮನೆಗೆ ಹೋಗಿ, ಕೈ ಹಿಡಿದು ಎಬ್ಬಿಸಿ, ನಸುಕಿನ ಬಸ್ಸಿಗೆ ಹತ್ತಿಸಿಕೊಂಡು, ಕರೆಂಟು ಹೋಗುವ ಮೊದಲೇ ಬಾಗೇವಾಡಿಗೆ ಬಂದ. ಇಬ್ಬರೂ ತಕರಾರಿನ ಬಾಕಿನ ಎರಡು ತುದಿಗೆ ಕೂತರು.

"ನಾ ಕೇಳಿದ್ದು ಒಂದ ಪಾಳಿ" ಎಂದ ಮೈಬೂಬ. "ಪಟ್ಟಿಯಾಗ ಎರಡು ಅದಾವ. ಗುರುವಾರದ ನೀರಿನ್ಯಾಗ ಅರ್ಧ ಇವನ ಹೊಲಕ್ಕ ತಿರುವೇನಿ. ಆದ್ರ ಉದುರಿದ ಹೂ ನಾ ಹೆಂಗ ಕೂಡಸ್ಲಿ? ಈ ಎರಡನೇದು ನನ್ನ ಹೆಸರಿಗೆ ಹೆಂಗ ಬಂತು, ಅದನ್ನ ಇವನ ಮುಂದ ಹೇಳ್ರಿ. ನನ್ನ ಮಾತು ಇವ ನಂಬವಲ್ಲ."

ಕೋಮಲ ಇಬ್ಬರನ್ನೂ ಒಳಗೆ ಕರೆದು ಯಂತ್ರದ ಮುಂದೆ ಕೂರಿಸಿದರು. ಹುಡುಕಿ ತೆಗೆದಾಗ ಸಿಕ್ಕ ಕಾರಣ ಇನ್ನೂ ಕಹಿಯಾಗಿತ್ತು. ಎರಡೂ ಬರಹ ಕೂಡಿಯೇ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು ಅನ್ನುವ ವ್ಯವಸ್ಥೆ ಮೈಎಸ್‌ಕ್ಯೂಎಲ್‌ನಲ್ಲೂ ಇದೆ. ಪಟ್ಟಿ ಕಟ್ಟುವಾಗ ಕೋಮಲ ಅದನ್ನು ಕೇಳಿಯೂ ಇದ್ದರು. ಆದರೆ ಒಕ್ಕೂಟದ ಯಂತ್ರದಲ್ಲಿ ಆ ಸೌಲಭ್ಯವನ್ನು ಚಾಲೂ ಮಾಡಿರಲಿಲ್ಲ. ಅದು ಇಲ್ಲದಾಗ ತಂತ್ರಾಂಶ ತಕರಾರು ಮಾಡದೆ, ಹೇಳದೆ ಕೇಳದೆ, ಸಾದಾ ನಮೂನೆಯ ಪಟ್ಟಿಯನ್ನೇ ಕಟ್ಟಿಕೊಟ್ಟಿತ್ತು.

"ತಪ್ಪು ನಂದರಿ" ಎಂದು ಕೋಮಲ ಇಂದಿಗೂ ಒಪ್ಪಿಕೊಳ್ಳುತ್ತಾರೆ. "ಕೇಳಿದ್ದನ್ನ ಕೊಟ್ಟೈತೋ ಇಲ್ಲೋ ಅಂತ ತಿರುಗಿಸಿ ನೋಡಬೇಕಿತ್ತು. ಅದರ ಪುಸ್ತಕದಾಗ ಬರದೈತಿ. ನಾ ಓದಿದ್ದಿಲ್ಲ. ರಾಚಪ್ಪಣ್ಣನ ಮುಂದ ಹಂಗ ಹೇಳಿದೆ. ಅವರು ಬೈಲಿಲ್ಲ. ಬೈದಿದ್ರ ಹಗುರ ಆಗತಿತ್ತು."

ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದರು. ಭೀಮಶ್ಯಾ, "ಅಂದ್ರ ಒಂದ ಕಲ್ಲು ಎತ್ತಿ ಬಿಟ್ಟೈತಿ" ಎಂದರು. ಮರುದಿನ ಟ್ರಂಕಿನಿಂದ ಎರಡು ಕಲ್ಲು ತೆಗೆದು ಮಗಳ ಕೈಗಿಟ್ಟರು. ಅವರ ಗೇಟಿನ ಕಟ್ಟೆಯ ಮೇಲೆ ನಡೆದ ಕೊನೆಯ ಬದಲಿಯವು. ಕಂಪ್ಯೂಟರಿನ ಮೇಲೆ ಕೂತಿರುವುದು ಅವೇ.

ಒಕ್ಕೂಟದ ಸಭೆಯಲ್ಲಿ ಗದ್ದಲವೋ ಗದ್ದಲ. ಕಂಪ್ಯೂಟರ್ ಬೇಡ, ರಜಿಸ್ಟರೇ ಬರಲಿ ಎಂದು ಕೂಗಿದವರಲ್ಲಿ ಹೆಚ್ಚಿನವರು ಕಾಲುವೆಯ ತಲೆಯ ಕಡೆಯವರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕೋಮಲಗೆ ನೌಕರಿ ಹೋದರೆ ಇನ್ನೊಂದು ಸಿಕ್ಕೀತು. ಆದರೆ ರಜಿಸ್ಟರು ವಾಪಸು ಬಂದರೆ ಪುಟದ ಕೊನೆಯ ಸಾಲುಗಳು ಮತ್ತೆ ಅಳಿಸುತ್ತವೆ. ಅಪ್ಪ ಇಪ್ಪತ್ತು ವರ್ಷ ಕಂಡದ್ದೇ ಮತ್ತೆ ಶುರುವಾಗುತ್ತದೆ. ಬಸಂತರಾಯರು ಕೈಯೆತ್ತಿ ಎಲ್ಲರನ್ನೂ ಕೂರಿಸಿ ಕೋಮಲ ಅವರ ಕಡೆ ತಿರುಗಿದರು. "ತಂಗಿ, ರಬಿ ನೀರು ಬಿಡೂದ್ರೊಳಗ ತೋರಿಸು. ಇನ್ನೊಂದು ಹೆಸರು ತಪ್ಪಿತಂದ್ರ ನನ್ನ ಕೈಯಾಗೂ ಏನೂ ಉಳಿಯಂಗಿಲ್ಲ."

ಎರಡು ತಿಂಗಳು ಸಿಕ್ಕವು. ಕೋಮಲ ಆ ಸಿ.ಡಿ.ಯಲ್ಲಿದ್ದ ಎರಡನೆಯದನ್ನು, ಪೋಸ್ಟ್‌ಗ್ರೆಸ್ಸನ್ನು, ಗುಜರಿಯಿಂದ ತಂದ ಹಳೆಯ ಯಂತ್ರದ ಮೇಲೆ ಕೂರಿಸಿದರು. ರವಿವಾರ ವಿಜಾಪುರಕ್ಕೆ ಹೋಗಿ ಸೈಬರ್ ಕೆಫೆಯಲ್ಲಿ ಕೂತು ಅದರ ಕೈಪಿಡಿಯನ್ನು ಫ್ಲಾಪಿಗೆ ಇಳಿಸಿಕೊಂಡು ಬರುವುದು, ಸೋಮವಾರದಿಂದ ಶಬ್ದಕೋಶ ತೆರೆದು ಒಂದೊಂದೇ ಪುಟ ಓದುವುದು. ಓದಿದಂತೆ ಅದರ ಸ್ವಭಾವ ತಿಳಿಯಿತು. ಓಟದಲ್ಲಿ ತುಸು ನಿಧಾನ. ಅಳಿಸಿದ, ತಿದ್ದಿದ ಸಾಲುಗಳ ಕಸ ಒಳಗೆ ಬಿದ್ದುಕೊಳ್ಳುತ್ತದೆ, ದಿನಾಲೂ ಗುಡಿಸಬೇಕು. ವಿಜಾಪುರದಲ್ಲಿ ಅದು ಬಲ್ಲವರು ಒಬ್ಬರೂ ಇಲ್ಲ. ಆದರೆ ಒಂದು ವಿಷಯದಲ್ಲಿ ಬಹಳ ಬಿಗಿ. ಹೇಳಿದ ನೇಮ ಮುರಿಯುವುದಿಲ್ಲ, ಮುರಿಯಲು ಬಿಡುವುದೂ ಇಲ್ಲ.

ಚೇತನಕುಮಾರರಿಗೆ ಇದು ರುಚಿಸಲಿಲ್ಲ. ಸಿಟ್ಟಿನಿಂದಲ್ಲ, ಶಿಷ್ಯೆಯ ಮೇಲಿನ ಕಾಳಜಿಯಿಂದಲೇ ಬಸ್ಸು ಹತ್ತಿ ಬಂದರು. "ಒಂದ ಸಾಲು ಬದಲಿ ಮಾಡಿದ್ರ ಮುಗೀತು, ಆ ಸೌಲಭ್ಯ ಚಾಲೂ ಆಗತೈತಿ. ಇಲಿ ಬಂತಂತ ಮನಿ ಬದಲಿ ಮಾಡ್ತಾರೇನು?" ಎಂದರು. ಮಾತು ತಪ್ಪಿರಲಿಲ್ಲ. ಕೋಮಲಗೂ ಅದು ಗೊತ್ತಿತ್ತು. "ಹಂಗಾದ್ರ ಎರಡನ್ನೂ ಎಲ್ಲಾರ ಮುಂದ ಇಟ್ಟು ನೋಡೂಣ್ರಿ ಸರ್" ಎಂದು ಬಿಟ್ಟರು.

ಡಿಸೆಂಬರಿನ ಮೊದಲ ವಾರ, ಬೆಳಗಿನ ಕರೆಂಟಿನ ಹೊತ್ತಿಗೇ, ಬೇವಿನ ಗಿಡದ ಕೆಳಗೆ ಎರಡು ಮೇಜು ಹಾಕಿದರು. ಒಂದರ ಮೇಲೆ ಚೇತನಕುಮಾರರು ಸರಿಪಡಿಸಿದ ಮೈಎಸ್‌ಕ್ಯೂಎಲ್, ಇನ್ನೊಂದರ ಮೇಲೆ ಕೋಮಲ ಅವರ ಪೋಸ್ಟ್‌ಗ್ರೆಸ್. ಶಾಲು ಹೊದ್ದು ಸಂಘಗಳ ಪ್ರತಿನಿಧಿಗಳು ಸುತ್ತ ನಿಂತರು. ಪ್ಲಗ್ಗು ಕೀಳುವ ಕೆಲಸ ರಾಚಪ್ಪನಿಗೆ. ಬದಲಿ ನಡೆಯುತ್ತಿರುವಾಗ ತನಗೆ ಬೇಕೆನಿಸಿದಾಗ ಕಿತ್ತು ಬಿಡಬೇಕು. ರಾಚಪ್ಪ ಅದನ್ನು ಮನಸಾರೆ ಮಾಡಿದ. ಹತ್ತು ಸಲ ಈ ಯಂತ್ರದ್ದು, ಹತ್ತು ಸಲ ಆ ಯಂತ್ರದ್ದು. ಪ್ರತಿ ಸಲವೂ ಹೊತ್ತಿಸಿ ನೋಡಿದರೆ ಎರಡು ಕಡೆಯೂ ಹೆಸರು ಕೂಡಿಯೇ ಬದಲಾಗಿದ್ದವು, ಇಲ್ಲವೇ ಕೂಡಿಯೇ ಹಳೆಯ ಜಾಗದಲ್ಲಿದ್ದವು. ಒಂದು ಕಲ್ಲು ಎತ್ತಿದ್ದು ಯಾವ ಕಡೆಯೂ ಇಲ್ಲ.

ಚೇತನಕುಮಾರರು ನಕ್ಕರು. ಸರಿಸಮ ಅಂದಮೇಲೆ ವೇಗದ್ದೇ ಗೆಲುವು.

ಉಳಿದದ್ದು ಒಂದೇ. ರಬಿ ಹಂಗಾಮಿನ ಹನ್ನೆರಡು ವಾರದ ಪೂರ್ತಿ ಪಟ್ಟಿಯನ್ನು ಎರಡಕ್ಕೂ ತುಂಬಿಸಿ ನೋಡುವುದು. ಅರವತ್ತೊಂದು ಸಂಘದ ಕಾರ್ಯದರ್ಶಿಗಳು ಬರೆದು ಕಳಿಸಿದ್ದನ್ನು ಟೈಪು ಮಾಡಿದ ಲಕ್ಷಕ್ಕೂ ಮೇಲ್ಪಟ್ಟ ಸಾಲುಗಳು. ಮೈಎಸ್‌ಕ್ಯೂಎಲ್ ಗಬಗಬ ತಿಂದು ಮುಗಿಸಿತು. ಸಾಲು ಎಣಿಸಿದರೆ ಬರಾಬರಿ. ಜನ ಚಪ್ಪಾಳೆ ತಟ್ಟಿದರು. ಪೋಸ್ಟ್‌ಗ್ರೆಸ್ ಅರ್ಧಕ್ಕಿಂತ ಆಚೆ ಹೋಗಿ ಗಕ್ಕನೆ ನಿಂತಿತು. ಎಣಿಸಿದರೆ ಒಳಗೆ ಒಂದು ಸಾಲೂ ಇಲ್ಲ. ತುಂಬಿಸಿದ್ದೆಲ್ಲ ಬಿಟ್ಟು ಬಿಟ್ಟಿತ್ತು.

"ನಿನ್ನ ಎತ್ತು ಮಲಕೊಂತಲ್ಲ ತಂಗಿ" ಎಂದರು ಯಾರೋ ಹಿಂದಿನಿಂದ. ಗುಂಪಿನಲ್ಲಿ ನಗು.

ಕೋಮಲ ಪರದೆಯ ಹತ್ತಿರ ಬಗ್ಗಿದರು. ನಿಂತದ್ದು ಯಾಕೆ ಅಂತ ಅದು ಬರೆದಿತ್ತು. ಯಾವ ಸಾಲಿನಲ್ಲಿ ಎಂದೂ ಬರೆದಿತ್ತು. ಓದಿ ಅವರು ಆ ಸಾಲಿನ ಕಾಗದ ಹುಡುಕಿ ತೆಗೆದರು. ಇಂಡಿ ತಾಲೂಕಿನ ಒಂದು ಸಂಘದ್ದು. ಪಾಳಿದಾರರು ಕಸ್ತೂರೆವ್ವ. ವಾರ ಸೋಮವಾರ. ತಾರೀಕು ಫೆಬ್ರುವರಿ ಮೂವತ್ತು.

ಆ ಸಂಘದ ಕಾರ್ಯದರ್ಶಿ ಸಂಗಣ್ಣ ಮುಂದೆ ಬಂದ. ಒಂದು ವಾರದ ಪಟ್ಟಿ ಬರೆದು, ಮುಂದಿನ ವಾರಕ್ಕೆ ಏಳು ಕೂಡಿಸುತ್ತ ಹೋಗುವುದು ಇಲ್ಲಿಯ ಎಲ್ಲ ಕಾರ್ಯದರ್ಶಿಗಳ ರೂಢಿ. "ಇಪ್ಪತ್ಮೂರಕ್ಕ ಏಳು ಕೂಡಿಸಿದ್ರ ಮೂವತ್ತ ಆಗತೈತಲ್ರಿ" ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಫೆಬ್ರುವರಿ ಅಷ್ಟು ಉದ್ದ ಇರಲಿಲ್ಲ ಅಷ್ಟೆ. ಆ ಊರಿನ ಮೂವತ್ತೆಂಟು ಮಂದಿಗೆ ಅದೇ ತಾರೀಕು ಬಿದ್ದಿತ್ತು. ಅಲ್ಲಿಂದ ಮುಂದಿನ ಪಾಳಿಗಳೆಲ್ಲ ಒಂದೊಂದು ದಿನ ಜಾರಿದ್ದವು.

ಬಸಂತರಾಯರು ಮೊದಲನೆಯ ಮೇಜಿಗೆ ಬೆರಳು ತೋರಿಸಿದರು. "ಅದರಾಗ ಈ ತಾರೀಕು ಎಲ್ಲಿ ಹೋತು?"

ಕೋಮಲ ತೆಗೆದು ತೋರಿಸಿದರು. ಇತ್ತು. ಫೆಬ್ರುವರಿ ಮೂವತ್ತು, ಅಚ್ಚುಕಟ್ಟಾಗಿ, ಯಾವ ತಕರಾರೂ ಇಲ್ಲದೆ.

ಕಸ್ತೂರೆವ್ವ ಅಲ್ಲಿಯೇ ಇದ್ದರು. ಅರವತ್ತು ದಾಟಿದ ಲಿಂಬಿ ಬೆಳೆಗಾರ್ತಿ, ಸಂಘದ ನಿರ್ದೇಶಕಿ. ಗುಂಪು ಸರಿಸಿ ಮುಂದೆ ಬಂದು ಎರಡೂ ಪರದೆ ನೋಡಿದರು. ಓದು ಬರದಿದ್ದರೂ ವಿಷಯ ತಿಳಿದಿತ್ತು. "ಆ ತಾರೀಕ ಬರತನಕ ಕುಂತಿದ್ರ ನನ್ನ ಲಿಂಬಿ ಗಿಡದಾಗ ಉಪ್ಪಿನಕಾಯಿ ಆಗತಿದ್ವು" ಎಂದರು. ಆಮೇಲೆ ನಿಂತು ಹೋದ ಯಂತ್ರದ ಮೇಲೆ ಕೈಯಿಟ್ಟು, "ಬೈದು ಹೇಳಾವ್ರು ಬದುಕಾಕ ಹೇಳ್ತಾರ, ನಕ್ಕು ಹೇಳಾವ್ರು ಕೆಡಾಕ ಹೇಳ್ತಾರ. ಇದು ಬೈಯೂದೈತಿ, ಇದ ಇರ್ಲಿ" ಎಂದರು.

ಚೇತನಕುಮಾರರು ಸೋಲೊಪ್ಪುವ ಆಸಾಮಿಯಲ್ಲ. ತಾರೀಕು ಸರಿಯಿದೆಯೇ ಅಂತ ನೋಡುವ ಕೆಲಸ ಪ್ರೋಗ್ರಾಮಿನದು, ಅದನ್ನು ಅಲ್ಲಿಯೇ ಬರೆದರಾಯಿತು ಎಂದರು. ಅದೂ ನ್ಯಾಯದ ಮಾತೇ. ಆಗ ಕೋಮಲ ಹೇಳಿದ್ದನ್ನು ಅಲ್ಲಿದ್ದವರು ಇನ್ನೂ ನೆನೆಸುತ್ತಾರೆ.

"ಪ್ರೋಗ್ರಾಮ್ ಬರಿಯಾಕಿ ನಾನ ಅಲ್ರಿ ಸರ್? ನಾ ಮರೀತೇನಿ. ಒಮ್ಮಿ ಮರತು ರಾಚಪ್ಪಣ್ಣನ ಹೂ ಉದುರಿಸೇನಿ. ನಾ ಮರತಾಗ ನನ್ನ ಕೈ ಹಿಡಿಯಾಕ ಹಿಂದ ಒಬ್ಬರು ಬೇಕ್ರಿ."

ಮೇಷ್ಟ್ರು ಶಿಷ್ಯೆಯನ್ನು ಒಂದು ಗಳಿಗೆ ನೋಡಿದರು. "ಪಟ್ಟಿ ತಗಿಯಾಕ ನಂದು ನಾಕ ಸೆಕೆಂಡು, ನಿಂದು ಹನ್ನೊಂದು. ಅದನ್ನೂ ಬರಕೋ" ಎಂದರು, ನಗುತ್ತ. ಬಸಂತರಾಯರು ಶಾಲು ಕೊಡವಿಕೊಂಡು ಎದ್ದರು. "ಏಳು ಸೆಕೆಂಡಿನ್ಯಾಗ ಯಾರ ಹೊಲಾನೂ ಒಣಗಂಗಿಲ್ಲ." ಸಭೆ ಅಲ್ಲಿಗೆ ಮುಗಿಯಿತು. ಚೇತನಕುಮಾರರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಪೋಸ್ಟ್‌ಗ್ರೆಸ್ ಕಲಿಯಲು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಚಹಾ ಕುಡಿಯಲು ಅನ್ನುತ್ತಾರೆ.

ಅಂದಿನಿಂದ ಕೋಮಲ ಅವರ ಬೆಳಗು ಹೀಗೆ. ಕರೆಂಟು ಬಂದ ಕೂಡಲೇ ಕೋಣೆ ಗುಡಿಸುತ್ತಾರೆ. ಆಮೇಲೆ ಕಂಪ್ಯೂಟರಿನ ಒಳಗಿನ ಕಸ ಗುಡಿಸುತ್ತಾರೆ. ಒಂದು ಆಜ್ಞೆ ಕೊಟ್ಟರೆ ಹಳೆಯ ಸಾಲುಗಳ ಕಸ ತೆರವಾಗುತ್ತದೆ, ಆರೇಳು ನಿಮಿಷದ ಕೆಲಸ. ಅದು ಮುಗಿಯುವಷ್ಟರಲ್ಲಿ ಚೀಟಿಗಳನ್ನು ಓರಣ ಮಾಡುತ್ತಾರೆ. ಡಿಸೆಂಬರಿನಿಂದ ಇಲ್ಲಿಯವರೆಗೆ ಎಂಟುನೂರಕ್ಕೂ ಹೆಚ್ಚು ಅದಲು-ಬದಲು ಆಗಿವೆ. ಅದರ ನಡುವೆ ಕರೆಂಟು ಹೋದದ್ದು ಮೂವತ್ತು ಸಲವಾದರೂ ಇದ್ದೀತು. ಒಬ್ಬರ ಹೆಸರೂ ತಪ್ಪಿಲ್ಲ. ರಾಚಪ್ಪ ಮತ್ತು ಮೈಬೂಬ ಜನವರಿಯಲ್ಲಿ ಮತ್ತೊಮ್ಮೆ ಪಾಳಿ ಬದಲಿಸಿಕೊಂಡರು. ಬೇಕಾಗಿತ್ತೋ ಇಲ್ಲವೋ, ನೋಡೋಣ ಅಂತಲೇ ಬದಲಿಸಿಕೊಂಡದ್ದಿರಬೇಕು. ಹೊಸ ಬ್ಯಾಟರಿಗೆ ಅರ್ಜಿ ಕೊಟ್ಟು ಐದು ತಿಂಗಳಾಯಿತು. ಅದು ಮಾತ್ರ ಇನ್ನೂ ಬಂದಿಲ್ಲ.

ಏನು ಬೇಕು ನಿಮಗೆ ಅಂತ ಯಾರಾದರೂ ಕೇಳಿದರೆ ಕೋಮಲ ಯೋಚನೆ ಮಾಡುವುದೇ ಇಲ್ಲ. "ಬ್ಯಾಟರಿ ಬೇಕ್ರಿ. ಮತ್ತ ಸೋಮವಾರ ಯಾರೂ ಬರಬಾರದು."

ಆ ಸೋಮವಾರ ಬಂದೇ ಬಂತು. ಮಾರ್ಚ್ ಒಂದು. ಕೋಮಲ ಎಂದಿಗಿಂತ ಬೇಗ ಬಂದು ಬಾಗಿಲು ತೆರೆದು ಕೂರುತ್ತಾರೆ. ಹತ್ತು ಗಂಟೆಗೆ ಇಂಡಿಯ ಮೊದಲ ಬಸ್ಸು ಬರುತ್ತದೆ. ತಲೆಯೆತ್ತಿ ನೋಡುತ್ತಾರೆ. ಯಾರೂ ಓಣಿಗೆ ತಿರುಗುವುದಿಲ್ಲ. ಹನ್ನೆರಡರ ಬಸ್ಸು ಬರುತ್ತದೆ, ಹೋಗುತ್ತದೆ. ಒಂದೂವರೆಯ ಬಸ್ಸಿನಿಂದ ಕಂಡಕ್ಟರ್ ಇಳಿದು ಬರುವುದು ಕಂಡು ಎದ್ದು ನಿಲ್ಲುತ್ತಾರೆ. ಅವನ ಕೈಯಲ್ಲಿ ಒಂದು ಸಣ್ಣ ಚೀಲ.

"ಕಸ್ತೂರೆವ್ವಾರು ಕೊಟ್ಟಾರ್ರಿ."

"ಏನರ ಹೇಳ್ಯಾರೇನು?"

"ಏನೂ ಇಲ್ಲ. ಹೊಲದಾಗ ನೀರು ಕಟ್ಟಾಕ ಹೋಗ್ಬೇಕು, ಹೊತ್ತಿಲ್ಲ ಅಂದ್ರು."

ಚೀಲದ ತುಂಬ ಲಿಂಬಿಹಣ್ಣು. ಕೋಮಲ ಅದನ್ನು ಎತ್ತಿಕೊಂಡು, ಗೂಟಕ್ಕೆ ನೇತು ಹಾಕಿದ್ದ ಬುತ್ತಿಯನ್ನೂ ತೆಗೆದುಕೊಂಡು ಹೊರಗೆ ಬರುತ್ತಾರೆ. ತಕರಾರಿನ ಬಾಕಿನ ಧೂಳನ್ನು ಸೆರಗಿನಿಂದ ಒರೆಸಿ, ಬೇವಿನ ನೆರಳಿನಲ್ಲಿ ನಟ್ಟನಡುವೆ ಕಾಲು ಚಾಚಿ ಕೂತು, ಜೋಳದ ರೊಟ್ಟಿಯ ಮೇಲೆ ಒಂದು ಹಣ್ಣು ಹಿಂಡುತ್ತಾರೆ. ಎರಡು ವರ್ಷದಲ್ಲಿ ಈ ಬಾಕಿನ ಮೇಲೆ ಅವರು ಕೂತದ್ದು ಇದೇ ಮೊದಲು.

"ಇವತ್ತ ಇದು ನಂದರಿ" ಎನ್ನುತ್ತಾರೆ.